ಮಳೆ ಮುಗಿದ ಮೇಲೆ, ಕೊಯ್ಲಿಗೆ ಮುಂಚೆ: ಎಟಿವಿಯ ಬ್ರೇಕ್ ಆಯಿಲ್ ಬದಲಿಸುವ ಕೆಲಸ

ಲಿವರ್ ಗಟ್ಟಿಯಾಗಿದೆ, ಅಂದರೆ ಬ್ರೇಕ್ ಸರಿಯಾಗಿದೆ. ಎಟಿವಿ (ಗುಡ್ಡದ ದಾರಿಯಲ್ಲೂ ಓಡುವ, ಹ್ಯಾಂಡಲ್ ಇರುವ ನಾಲ್ಕು ಚಕ್ರದ ಸಣ್ಣ ಗಾಡಿ) ಇಟ್ಟುಕೊಂಡಿರುವ ತೋಟದವರಿಂದ ನಾನು ಜಾಸ್ತಿ ಕೇಳುವ ಮಾತು ಇದು. ಅರ್ಧ ಮಾತ್ರ ನಿಜ. ಲಿವರ್ ಹಿಡಿದು ನೋಡಿದರೆ ಬ್ರೇಕ್ ಆಯಿಲ್ ಹರಿಯುವ ಲೈನಿನೊಳಗೆ ಗಾಳಿ ಸೇರಿದೆಯೋ ಇಲ್ಲವೋ ಗೊತ್ತಾಗುತ್ತದೆ. ನೀರು ಸೇರಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಗಾಳಿ ಒತ್ತಿದರೆ ಕುಗ್ಗುತ್ತದೆ, ಅದಕ್ಕೇ ಲಿವರ್ ಮೆತ್ತಗಾಗುತ್ತದೆ. ಆಯಿಲ್‌ನಲ್ಲಿ ಬೆರೆತ ನೀರು ಕುಗ್ಗುವುದಿಲ್ಲ. ಶೆಡ್ಡಿನಲ್ಲಿ ತಣ್ಣಗೆ ನಿಂತ ಗಾಡಿಯ ಮೇಲೆ ಕೂತು ಲಿವರ್ ಅದುಮಿದರೆ ಐದು ವರ್ಷದ ಆಯಿಲ್ಲೂ ಒಂದೇ, ನಿನ್ನೆ ಹಾಕಿದ ಆಯಿಲ್ಲೂ ಒಂದೇ. ವ್ಯತ್ಯಾಸ ಗೊತ್ತಾಗುವುದು ಇಳಿಜಾರಿನ ಮಧ್ಯದಲ್ಲಿ, ಹಿಂದಿನ ರ್ಯಾಕಿನಲ್ಲಿ ಮೂಟೆ ಇರುವಾಗ, ಡಿಸ್ಕ್ ಕಾದು ನಿಂತಾಗ.

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಗಾಡಿ ಪೊಲಾರಿಸ್ ಸ್ಪೋರ್ಟ್ಸ್‌ಮನ್ 570, ಎರಡನೇ ಕೈಯಲ್ಲಿ ತಗೊಂಡಿದ್ದು. ಜೀಪು ಹೋಗದ ಕಡೆಗೆಲ್ಲ ಇದು ಹೋಗುತ್ತದೆ. ಗೊಬ್ಬರ, ಮೋಟಾರಿನ ಪೈಪು, ಮರಗಸಿ ಮಾಡುವವರಿಗೆ ಹಗ್ಗ, ಮಧ್ಯಾಹ್ನದ ಊಟದ ಕ್ಯಾರಿಯರ್ ಎಲ್ಲ ಇದರ ಮೇಲೇ. ಕೊಯ್ಲು ಶುರುವಾದರೆ ಕೆಳಗಿನ ಕಣಕ್ಕೆ ಹಣ್ಣು ಇಳಿಸುವುದೂ ಇದರಲ್ಲೇ. ನವೆಂಬರಿನಿಂದ ಅರೇಬಿಕಾ, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ. ಅಂದರೆ ಗಾಡಿಗೆ ಭಾರ ಹೆಚ್ಚಾಗುವುದು ಮಳೆಗಾಲ ಮುಗಿದ ಕೂಡಲೇ. ಆಯಿಲ್ ನೀರು ಕುಡಿದು ಕೂತಿರುವುದೂ ಅದೇ ಸಮಯದಲ್ಲಿ. ಹಾಗಾಗಿ ಆಯಿಲ್ ಬದಲಿಸಬೇಕಾದ ಹೊತ್ತು ಇದೇ, ಮಳೆ ಬಿಟ್ಟು ಕೊಯ್ಲು ಶುರುವಾಗುವ ನಡುವಿನ ನಾಲ್ಕು ಬಿಸಿಲಿನ ದಿನಗಳಲ್ಲಿ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಸಾಮಾನ್ಯವಾಗಿ ಎಲ್ಲರೂ ಹೇಳುವ ಲೆಕ್ಕ. ಮಲೆನಾಡಿನ ಮಳೆಗೆ, ಇಳಿಜಾರಿನ ಕೆಲಸಕ್ಕೆ ನಾನು ವರ್ಷಕ್ಕೊಮ್ಮೆ ಎನ್ನುತ್ತೇನೆ. ಖರ್ಚು ಎರಡು ಚಿಕ್ಕ ಬಾಟಲಿ ಆಯಿಲ್, ಅಷ್ಟೇ.

ನೀರು ಹೇಗೆ ಸೇರುತ್ತದೆ ಅಂತ ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಒಂದು ಸಲ ಕೇಳಿದ್ದರು. ಮುಚ್ಚಳ ಬಿಗಿಯಾಗಿದೆ, ಎಲ್ಲೂ ಸೋರುತ್ತಿಲ್ಲ, ಮತ್ತೆ ನೀರು ಎಲ್ಲಿಂದ? ಜುಲೈ ತಿಂಗಳಲ್ಲಿ ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಭರಣಿಗೆ ಏನಾಗುತ್ತದೋ ಬ್ರೇಕ್ ಆಯಿಲ್‌ಗೂ ಅದೇ ಆಗುತ್ತದೆ ಅಂದೆ. ಡಾಟ್ 3, ಡಾಟ್ 4, ಡಾಟ್ 5.1 ಅಂತ ಬಾಟಲಿಯ ಮೇಲೆ ಬರೆದಿರುವುದು ಬ್ರೇಕ್ ಆಯಿಲ್ ದರ್ಜೆ, ಈ ಮೂರೂ ಗ್ಲೈಕಾಲ್ ಜಾತಿಯವು. ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುವುದು ಇವುಗಳ ಗುಣ. ರಬ್ಬರ್ ಹೋಸ್‌ಗಳ ಮೂಲಕ, ಸೀಲ್‌ಗಳ ಮೂಲಕ, ಮುಚ್ಚಳದ ಗಾಳಿಕಂಡಿಯ ಮೂಲಕ ತೇವ ನಿಧಾನವಾಗಿ ಒಳಗೆ ಹೋಗುತ್ತಲೇ ಇರುತ್ತದೆ.

ಇಲ್ಲಿ ಅಂಕಿ ನೋಡಬೇಕು. ಹೊಸ ಡಾಟ್ 4 ಆಯಿಲ್ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ಅದೇ ಆಯಿಲ್ 3.7 ಶೇಕಡಾ ನೀರು ಕುಡಿದರೆ 155 ಡಿಗ್ರಿವರೆಗೆ ತಡೆದರೆ ಸಾಕು ಅನ್ನುತ್ತದೆ ಅದೇ ನಿಯಮ. ಡಾಟ್ 3ಕ್ಕೆ ಇವು 205 ಮತ್ತು 140. ನೂರಕ್ಕೆ ನಾಲ್ಕು ಪಾಲು ಕೂಡ ಇಲ್ಲದ ನೀರು 75 ಡಿಗ್ರಿ ತಿಂದುಹಾಕುತ್ತದೆ. ಭಾರ ಹೇರಿಕೊಂಡು ಲಿವರ್ ಅದುಮಿಕೊಂಡೇ ಉದ್ದ ಇಳಿಜಾರು ಇಳಿದರೆ ಡಿಸ್ಕಿನ ಬಿಸಿ ಅದನ್ನು ಹಿಡಿಯುವ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ತಳ್ಳುವ ಪಿಸ್ಟನ್ನಿಗೆ, ಅಲ್ಲಿಂದ ಆಯಿಲ್‌ಗೆ ಬರುತ್ತದೆ. ಆಯಿಲ್ ಕುದಿಯಿತು ಅಂದರೆ ಈ ಪ್ಯಾಡ್, ಪಿಸ್ಟನ್ ಕೂತಿರುವ ಕ್ಯಾಲಿಪರ್ ಒಳಗೆ ಆವಿಯ ಗುಳ್ಳೆ. ಆವಿ ಕುಗ್ಗುತ್ತದೆ. ಲಿವರ್ ಹಿಡಿಗೆ ಬಂದು ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಣ್ಣಗಾದ ಮೇಲೆ ನೋಡಿದರೆ ಲಿವರ್ ಮತ್ತೆ ಗಟ್ಟಿ! ಮೆಕ್ಯಾನಿಕ್ ಬಂದು ನೋಡಿ "ಬ್ರೇಕ್ ಚೆನ್ನಾಗಿದೆಯಲ್ಲ" ಅನ್ನುತ್ತಾನೆ. ಓಡಿಸಿದವನು ಸುಳ್ಳು ಹೇಳುತ್ತಿದ್ದಾನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಡ್ರೈವರ್ ಹುಡುಗ ನಿಜವನ್ನೇ ಹೇಳಿರುತ್ತಾನೆ.

ಆಯಿಲ್ ಕೊಳ್ಳುವಾಗ ಮಾಸ್ಟರ್ ಸಿಲಿಂಡರ್ (ಲಿವರ್ ಅದುಮಿದಾಗ ಆಯಿಲ್ ತಳ್ಳುವ, ಹ್ಯಾಂಡಲ್ ಮೇಲಿನ ಭಾಗ) ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ಕೊಳ್ಳಿ. ನಮ್ಮದಕ್ಕೆ ಡಾಟ್ 4. ಸೀಲ್ ಒಡೆಯದ ಚಿಕ್ಕ ಬಾಟಲಿಯೇ ಬೇಕು. ಅಂಗಡಿಯಲ್ಲಿ ಅರ್ಧ ಖಾಲಿಯಾದ ಡಬ್ಬದಿಂದ ಸುರಿದುಕೊಡುತ್ತೇನೆ ಅಂದರೆ ಬೇಡ ಅನ್ನಿ. ಅದು ಆಗಲೇ ಅಂಗಡಿಯ ಗಾಳಿ ಕುಡಿದಿರುತ್ತದೆ. ಇನ್ನೊಂದು ಎಚ್ಚರ ಡಾಟ್ 5 ವಿಷಯದಲ್ಲಿ. 5.1 ಬೇರೆ, 5 ಬೇರೆ. ಡಾಟ್ 5 ಸಿಲಿಕಾನ್, ಬಣ್ಣ ನೇರಳೆ. ಅದನ್ನು ಗ್ಲೈಕಾಲ್ ಆಯಿಲ್ ಜೊತೆ ಬೆರೆಸುವ ಹಾಗೇ ಇಲ್ಲ.

ಕೆಲಸಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ. ನಿಪ್ಪಲ್ (ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ಸಣ್ಣ ತಿರುಪು) ಅಳತೆಯ ರಿಂಗ್ ಸ್ಪ್ಯಾನರ್, ಸಾಮಾನ್ಯವಾಗಿ 8 ಅಥವಾ 10 ಎಂಎಂ. ಮೀನಿನ ತೊಟ್ಟಿಗೆ ಗಾಳಿ ಬಿಡುತ್ತಾರಲ್ಲ, ಆ ಪಾರದರ್ಶಕ ಪೈಪು ಒಂದು ಮೀಟರ್. ಒಂದು ಖಾಲಿ ಬಾಟಲಿ. ಮೆಡಿಕಲ್ ಶಾಪಿನಿಂದ ದೊಡ್ಡ ಸಿರಿಂಜು. ಹಳೆ ಬನಿಯನ್ ಬಟ್ಟೆ. ಪಕ್ಕದಲ್ಲಿ ಒಂದು ಬಕೆಟ್ ನೀರು. ಬ್ರೇಕ್ ಆಯಿಲ್ ಪೇಂಟಿನ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ, ಬಿದ್ದ ತಕ್ಷಣ ನೀರು ಹಾಕಿ ತೊಳೆದರೆ ಉಳಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ನಿಪ್ಪಲ್‌ನಿಂದ ಪೈಪು ಜಾರಿ ಚಿಮ್ಮಿದರೆ ನೇರ ಮುಖಕ್ಕೇ ಬರುತ್ತದೆ, ಸುಮ್ನೆ ಹೇಳುತ್ತಿಲ್ಲ.

ಜೊತೆಗೆ ಒಬ್ಬರು ಬೇಕು. ನನಗೆ ಮಾವ ಇದ್ದಾರೆ. ವಯಸ್ಸಿನ ಕಾಲದಲ್ಲಿ ತೋಟದ ಜೀಪಿನ ಬ್ರೇಕನ್ನು ತಾವೇ ರಿಪೇರಿ ಮಾಡುತ್ತಿದ್ದವರು. ಈಗ ಕೆಳಗೆ ಕೂರಲು ಮೊಣಕಾಲು ಬಿಡುವುದಿಲ್ಲ, ಹಾಗಾಗಿ ಸೀಟಿನ ಮೇಲೆ ಕೂತು ಲಿವರ್ ಹಿಡಿಯುವುದು ಅವರ ಕೆಲಸ, ಸ್ಪ್ಯಾನರ್ ಹಿಡಿಯುವುದು ನನ್ನದು.

ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿ ಮಟ್ಟವಾಗುವ ಹಾಗೆ ಹ್ಯಾಂಡಲ್ ತಿರುಗಿಸಿ. ಡಬ್ಬಿಯ ಸುತ್ತ ಮೊದಲು ತೊಳೆದು, ಒರೆಸಿ, ಒಣಗಿಸಬೇಕು. ತೋಟದ ಗಾಡಿ ಅಂದಮೇಲೆ ಮುಚ್ಚಳದ ಅಂಚಿನಲ್ಲಿ ಕೆಮ್ಮಣ್ಣು ಇದ್ದೇ ಇರುತ್ತದೆ. ಮುಚ್ಚಳದ ಎರಡು ಸ್ಕ್ರೂಗಳ ತಲೆ ಬಹಳ ಮೆದು, ಒಂದು ಸಲ ಸವೆದರೆ ಡ್ರಿಲ್ ಮಾಡಿಯೇ ತೆಗೆಯಬೇಕಾಗುತ್ತದೆ. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಇಟ್ಟು, ಅದರ ಹಿಂಬದಿಗೆ ಸುತ್ತಿಗೆಯಿಂದ ಒಂದೇ ಒಂದು ಸಣ್ಣ ಏಟು ಕೊಟ್ಟು, ಆಮೇಲೆ ಮೈಭಾರ ಹಾಕಿ ಒತ್ತಿಕೊಂಡು ತಿರುಗಿಸಿದರೆ ಬಿಡುತ್ತದೆ. ಮುಚ್ಚಳದ ಕೆಳಗೆ ಮಡಿಕೆ ಮಡಿಕೆಯಾಗಿರುವ ರಬ್ಬರ್ ಇರುತ್ತದೆ. ಆಯಿಲ್ ಕಡಿಮೆಯಾದ ಹಾಗೆ ಅದು ಕೆಳಗೆ ಹಿಗ್ಗುತ್ತದೆ. ತೆಗೆದು ಒರೆಸಿ, ಮೊದಲಿನ ಆಕಾರಕ್ಕೆ ಮಡಚಿ ಇಟ್ಟುಕೊಳ್ಳಿ.

ಹಳೆ ಆಯಿಲ್ ಅನ್ನು ಸಿರಿಂಜಿನಲ್ಲಿ ಎಳೆದು ತೆಗೆದು, ತಳದಲ್ಲಿರುವ ಕೆಸರು ಬಟ್ಟೆಯಲ್ಲಿ ಒರೆಸಿ, ಹೊಸದು ತುಂಬಿ. ಡಬ್ಬಿ ಖಾಲಿ ಇರುವಾಗ ಮಾತ್ರ ಲಿವರ್ ಮುಟ್ಟಬಾರದು, ಮುಟ್ಟಿದರೆ ಮಾಸ್ಟರ್ ಸಿಲಿಂಡರ್ ಗಾಳಿ ನುಂಗುತ್ತದೆ. ತುಂಬಿದ ಮೇಲೆ ಒಳಗೆ ಇಣುಕಿ ನೋಡಿದರೆ ತಳದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು ಕಾಣುತ್ತದೆ. ಲಿವರನ್ನು ಒಂದು ಚೂರು ಅದುಮಿ ಬಿಟ್ಟರೆ ಅಲ್ಲಿಂದ ಆಯಿಲ್ ಪುಳಕ್ಕನೆ ಮೇಲೆ ಚಿಮ್ಮುತ್ತದೆ. ಹಾಗೆ ಚಿಮ್ಮಿದರೆ ತೂತು ತೆರೆದಿದೆ ಅಂತ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಗಾಡಿಯಲ್ಲಿ ಎಡಗೈಯ ಒಂದೇ ಲಿವರ್ ನಾಲ್ಕೂ ಚಕ್ರ ಹಿಡಿಯುತ್ತದೆ. ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು, ಹತ್ತಿರದ್ದು ಕೊನೆಗೆ. ಹಾಗಾಗಿ ಬಲ ಹಿಂದಿನದು, ಎಡ ಹಿಂದಿನದು, ಬಲ ಮುಂದಿನದು, ಎಡ ಮುಂದಿನದು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮ ಇದ್ದರೆ ಪುಸ್ತಕದ ಮಾತೇ ಕೇಳಿ.

ನಿಪ್ಪಲ್ ಬಿಚ್ಚುವುದು ಈ ಕೆಲಸದ ಅತಿ ಕಷ್ಟದ ಭಾಗ. ಅದರ ಮೇಲಿನ ರಬ್ಬರ್ ಟೋಪಿ ಬಿದ್ದುಹೋಗಿದ್ದರಂತೂ ತೂತಿನೊಳಗೆ ಕೆಸರು ಗಟ್ಟಿಯಾಗಿ, ಥ್ರೆಡ್ ತುಕ್ಕು ಹಿಡಿದಿರುತ್ತದೆ. ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ಡಿಸ್ಕ್ ಮೇಲೆ ಹಾರದ ಹಾಗೆ ಬಟ್ಟೆ ಅಡ್ಡ ಹಿಡಿದು. ಬೆಳಿಗ್ಗೆ ನಿಪ್ಪಲ್ ತಲೆಗೆ ಸಣ್ಣದಾಗಿ ತಟ್ಟಿ. ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಓಪನ್ ಸ್ಪ್ಯಾನರ್ ಬೇಡವೇ ಬೇಡ, ಮೂಲೆ ಸವೆಯುತ್ತದೆ. ತುಕ್ಕು ಬಿಟ್ಟಾಗ 'ಟಿಕ್' ಅಂತ ಒಂದು ಸಣ್ಣ ಸದ್ದು ಸ್ಪ್ಯಾನರಿನಿಂದ ಬೆರಳಿಗೆ ಬರುತ್ತದೆ. ಆ ಸದ್ದು ಕೇಳಿದರೆ ನನಗೆ ನಿಜವಾಗಿಯೂ ಖುಷಿ. ಸ್ಪ್ಯಾನರ್ ಬಾಗುತ್ತಿದೆ, ಸದ್ದು ಬರುತ್ತಿಲ್ಲ ಅಂದರೆ ನಿಲ್ಲಿಸಿ. ಕ್ಯಾಲಿಪರ್ ಒಳಗೆ ನಿಪ್ಪಲ್ ಮುರಿದರೆ ಅದು ಲೇತ್ ಅಂಗಡಿಯ ಕೆಲಸ.

ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್ ಹಾಕಿ, ಅದರ ಮೇಲೆ ಪೈಪು ಸಿಕ್ಕಿಸಿ. ಪೈಪಿನ ಇನ್ನೊಂದು ತುದಿ ಬಾಟಲಿಯಲ್ಲಿ, ಸ್ವಲ್ಪ ಆಯಿಲ್‌ನಲ್ಲಿ ಮುಳುಗಿರಬೇಕು. ಪೈಪು ಬಿಗಿಯಾಗಿದ್ದರೆ ತುದಿಯನ್ನು ಬಿಸಿನೀರಿಗೆ ಅದ್ದಿ ಮೆದು ಮಾಡಿ, ಆದರೆ ಒಂದು ಹನಿ ನೀರೂ ಉಳಿಯದ ಹಾಗೆ ಒರೆಸಿ ಒಣಗಿಸಿ.

ಆಮೇಲೆ ಮಾತುಕತೆ ಶುರು.

"ಹಿಡೀರಿ ಮಾವ."

"ಹಿಡಿದೆ."

ನಿಪ್ಪಲ್ ಕಾಲು ಸುತ್ತು ಬಿಚ್ಚುತ್ತೇನೆ. ಆಯಿಲ್ ಪೈಪಿಗೆ ಬರುತ್ತದೆ, ಲಿವರ್ ಕೆಳಗಿಳಿಯುತ್ತದೆ.

"ಹಿಡಿಗೆ ಬಂತು ಕಣಮ್ಮಾ."

"ಹಾಗೇ ಇರಿ." ನಿಪ್ಪಲ್ ಮುಚ್ಚುತ್ತೇನೆ. "ಮುಚ್ಚಿದೆ, ಈಗ ಬಿಡಿ."

"ಬಿಟ್ಟೆ."

ಇಷ್ಟೇ. ಆದರೆ ಪ್ರತಿ ಸಲವೂ ಇಷ್ಟೂ ಮಾತು ಆಡಲೇಬೇಕು. ನಿಪ್ಪಲ್ ತೆರೆದಿರುವಾಗ ಲಿವರ್ ಬಿಟ್ಟರೆ ಥ್ರೆಡ್ ಸುತ್ತಲಿಂದ ಗಾಳಿ ಒಳಗೆ ಬರುತ್ತದೆ, ಮತ್ತೆ ಮೊದಲಿನಿಂದ ಮಾಡಬೇಕು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಬಾಯಿಬಿಟ್ಟು ಉತ್ತರ ಕೊಡಬೇಕು, ತಲೆ ಆಡಿಸಿದರೆ ಸಾಲದು. ಚಕ್ರದ ಹಿಂದೆ ಕೂತವರಿಗೆ ತಲೆ ಕಾಣುವುದಿಲ್ಲ. ಮಾವ ಜೀಪಿನ ಕಾಲದವರು, ಪೆಡಲ್ ಮೂರು ಸಲ ಜೋರಾಗಿ ಪಂಪ್ ಮಾಡಿ ಹಿಡಿಯುವುದು ಅವರ ರೂಢಿ. ಇಲ್ಲಿ ನಿಧಾನಕ್ಕೆ ಹಿಡಿಯಲು ಕೇಳಿಕೊಳ್ಳುತ್ತೇನೆ. ಜೋರಾಗಿ ಪಂಪ್ ಮಾಡಿದರೆ ದೊಡ್ಡ ಗುಳ್ಳೆ ಒಡೆದು ನೂರು ಸಣ್ಣ ಗುಳ್ಳೆಯಾಗುತ್ತದೆ, ಅವನ್ನು ಹೊರಗೆ ಹಾಕುವುದು ಇನ್ನೂ ತಡ.

ಪೈಪಿನೊಳಗೆ ನೋಡುತ್ತಾ ಇರಿ. ಮೊದಲು ಕಂದು ಬಣ್ಣದ ಆಯಿಲ್, ನಡುವೆ ಕಪ್ಪು ಚೂರು. ಆಮೇಲೆ ಕಂದು ತಿಳಿಯಾಗುತ್ತಾ ಬಂದು, ಇದ್ದಕ್ಕಿದ್ದಂತೆ ಹೊಸ ಆಯಿಲ್‌ನ ತೆಳು ಹಳದಿ ಕಾಣುತ್ತದೆ. ಹಿಂದಿನ ಚಕ್ರಗಳಿಗೆ ಲೈನ್ ಉದ್ದ, ಹೆಚ್ಚು ಆಯಿಲ್ ಹಿಡಿಯುತ್ತದೆ. ಡಬ್ಬಿಯ ಮಟ್ಟ ಕೆಳಗಿನ ಗೆರೆಗಿಂತ ಕಡಿಮೆಯಾಗಲು ಬಿಡಬೇಡಿ, ಐದಾರು ಸಲ ಲಿವರ್ ಹಿಡಿದ ಕೂಡಲೇ ತುಂಬಿ. ಒಂದು ಚಕ್ರ ಮುಗಿದ ಮೇಲೆ ನಿಪ್ಪಲ್ ಬಿಗಿಯುವಾಗ ತೋಳಿನ ಬಲ ಬೇಡ, ಮಣಿಕಟ್ಟಿನ ಬಲ ಸಾಕು. ರಬ್ಬರ್ ಟೋಪಿ ಹಾಕಿ.

ನಾಲ್ಕೂ ಚಕ್ರ ಮುಗಿದ ಮೇಲೂ ಲಿವರ್ ಸ್ವಲ್ಪ ಮೆತ್ತಗೇ ಇದ್ದರೆ ಆಯಿಲ್ ಸುರಿಯುತ್ತಾ ಹೋಗಬೇಡಿ. ಮೂರು ಕಡೆ ನೋಡಬೇಕು. ಒಂದು, ಹ್ಯಾಂಡಲ್ ಹತ್ತಿರ ಹೋಸ್ ಮಾಸ್ಟರ್ ಸಿಲಿಂಡರಿಗೆ ಸೇರುವ ಜಾಗ. ಅದು ಎಲ್ಲಕ್ಕಿಂತ ಎತ್ತರ, ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಡಬ್ಬಿಯ ಮುಚ್ಚಳ ತೆಗೆದು, ಮೇಲೆ ಬಟ್ಟೆ ಹಿಡಿದು, ಲಿವರನ್ನು ಚೂರು ಚೂರೇ ತಟ್ಟುತ್ತಾ ಹೋದರೆ ಆ ಸೂಜಿಮೊನೆಯ ತೂತಿನಿಂದ ಗುಳ್ಳೆಗಳು ಮೇಲೆ ಬರುತ್ತವೆ. ಎರಡು, ಕ್ಯಾಲಿಪರಿನಲ್ಲಿ ನಿಪ್ಪಲ್ ಎಲ್ಲಿದೆ ಎನ್ನುವುದು. ಮೇಲ್ಗಡೆ ಇರಬೇಕು. ಹಿಂದೆ ಯಾರೋ ಬಿಚ್ಚಿದಾಗ ಎಡದ ಕ್ಯಾಲಿಪರ್ ಬಲಕ್ಕೆ ಹಾಕಿದ್ದರೆ ನಿಪ್ಪಲ್ ಕೆಳಗೆ ಬಂದಿರುತ್ತದೆ, ಎಷ್ಟು ಆಯಿಲ್ ಹರಿಸಿದರೂ ಮೇಲಿನ ಗಾಳಿ ಅಲ್ಲೇ ಕೂತಿರುತ್ತದೆ. ಎರಡನೇ ಕೈ ಗಾಡಿ ತಗೊಂಡವರು ಇದನ್ನು ಮೊದಲೇ ನೋಡಿ. ಮೂರು, ಪ್ಯಾಡ್ ಓರೆಯಾಗಿ ಸವೆದಿದೆಯೇ ಎಂದು. ಆಗ ಪ್ಯಾಡ್ ಬಾಗುವುದೇ ಕೈಗೆ ಮೆತ್ತಗೆ ಅನಿಸುತ್ತದೆ. ಮೂರೂ ಸರಿ ಇದ್ದರೆ ಲಿವರನ್ನು ಅದುಮಿ, ಟ್ಯೂಬಿನ ರಬ್ಬರ್ ಪಟ್ಟಿಯಿಂದ ಹಿಡಿಗೆ ಕಟ್ಟಿ, ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಬಿಚ್ಚಿದಾಗ ಮೇಲೆ ಸೇರಿದ್ದ ಗುಳ್ಳೆಗಳು ಡಬ್ಬಿಗೆ ಹೋಗುತ್ತವೆ. ಇದು ಬಹಳ ಸಲ ಕೆಲಸ ಮಾಡುತ್ತದೆ.

ಈ ಕೆಲಸ ನಾನೇ ಮಾಡಲು ಶುರುಮಾಡಿದ್ದಕ್ಕೂ ಒಂದು ಕಾರಣ ಇದೆ. ಗಾಡಿ ತಂದ ಹೊಸದರಲ್ಲಿ ಪೇಟೆಯ ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದೆವು. ಮಾಸ್ಟರ್ ಸಿಲಿಂಡರ್ ಬಿಚ್ಚಿ, ಒಳಗಿನ ರಬ್ಬರ್ ಕಪ್‌ಗಳನ್ನು (ಬಟ್ಟಲಿನಾಕಾರದ ಸೀಲ್‌ಗಳನ್ನು) ಪೆಟ್ರೋಲಿನಲ್ಲಿ ತೊಳೆದು ಹಾಕಿದ್ದರು. ಮನೆಗೆ ಬಂದಾಗ ಎಲ್ಲ ಚೆನ್ನಾಗಿತ್ತು. ಕೆಲವೇ ದಿನಕ್ಕೆ ಗಾಡಿ ಎಳೆಯುತ್ತಿಲ್ಲ, ಮುಂದಿನ ಡಿಸ್ಕ್ ಹತ್ತಿರ ಕೈ ಇಡಲು ಆಗದಷ್ಟು ಬಿಸಿ. ಬ್ರೇಕಿನ ಆ ರಬ್ಬರ್ ಪೆಟ್ರೋಲ್, ಸೀಮೆಎಣ್ಣೆ, ಇಂಜಿನ್ ಆಯಿಲ್ ಯಾವುದು ತಾಗಿದರೂ ಊದಿಕೊಳ್ಳುತ್ತದೆ. ಊದಿದ ಕಪ್ ಸರಿಯಾಗಿ ಹಿಂದಕ್ಕೆ ಹೋಗುವುದಿಲ್ಲ, ಆ ಸಣ್ಣ ತೂತನ್ನು ಮುಚ್ಚಿಬಿಡುತ್ತದೆ. ಲಿವರ್ ಬಿಟ್ಟರೂ ಒತ್ತಡ ವಾಪಸ್ ಬರಲು ದಾರಿಯೇ ಇಲ್ಲ, ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ. ಕೊನೆಗೆ ಒಳಗಿನ ಕಿಟ್ ಪೂರ್ತಿ ಹೊಸದು ಹಾಕಿಸಬೇಕಾಯಿತು. ಬ್ರೇಕಿನ ಒಳಭಾಗ ತೊಳೆಯಲು ಹೊಸ ಬ್ರೇಕ್ ಆಯಿಲ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಬೇರೇನೂ ಬೇಡ. ನಿಮ್ಮ ಮೆಕ್ಯಾನಿಕ್‌ಗೂ ಮೊದಲೇ ಹೇಳಿಬಿಡಿ, ಸಂಕೋಚ ಬೇಡ.

ಆಯಿಲ್ ಮಟ್ಟದ ಬಗ್ಗೆಯೂ ಒಂದು ಮಾತು. ಪ್ಯಾಡ್ ಸವೆದ ಹಾಗೆ ಪಿಸ್ಟನ್ ಮುಂದೆ ಬಂದು, ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಸೋರಿಕೆ ಇರಲೇಬೇಕೆಂದಿಲ್ಲ. ಇಳಿದಾಗಲೆಲ್ಲ ಸುರಿಯುತ್ತಾ ಹೋದರೆ ಪ್ಯಾಡ್ ಮುಗಿದದ್ದು ಗೊತ್ತೇ ಆಗುವುದಿಲ್ಲ. ಮಟ್ಟ ಇಳಿದರೆ ಮೊದಲು ಪ್ಯಾಡ್ ನೋಡಿ. ಕಾಲಿನ ಬ್ರೇಕಿಗೆ ಬೇರೆ ಮಾಸ್ಟರ್ ಸಿಲಿಂಡರ್ ಇದೆ, ಅದಕ್ಕೂ ಇದೇ ಕ್ರಮ. ಬಳಸುವುದು ಕಡಿಮೆ ಅಂತ ಬಿಟ್ಟುಬಿಡುವವರೇ ಜಾಸ್ತಿ. ಕೈ ಬ್ರೇಕ್ ಕೈಕೊಟ್ಟ ದಿನ ಉಳಿಯುವುದು ಅದೊಂದೇ ಅಲ್ವಾ?

ಹಳೆ ಆಯಿಲ್ ಅನ್ನು ಚರಂಡಿಗೆ, ಕೆರೆ ಕಡೆಗೆ, ಗಿಡದ ಬುಡಕ್ಕೆ ಸುರಿಯಬೇಡಿ. ತೆರೆದ ಬಟ್ಟಲಲ್ಲಿ ಬಿಟ್ಟು ಊಟಕ್ಕೆ ಹೋಗಲೂ ಬೇಡಿ, ನಾಯಿ ನೆಕ್ಕಿದರೆ ಅದಕ್ಕೆ ವಿಷ. ನಾನು ಮುಚ್ಚಳದ ಬಾಟಲಿಯಲ್ಲಿ ತುಂಬಿಟ್ಟು, ಹಳೆ ಇಂಜಿನ್ ಆಯಿಲ್ ತೆಗೆದುಕೊಳ್ಳುವವರು ಬಂದಾಗ ಬೇರೆಯಾಗಿ, ಇದು ಬ್ರೇಕ್ ಆಯಿಲ್ ಅಂತ ಹೇಳಿ ಕೊಡುತ್ತೇನೆ. ಹೊಸ ಬಾಟಲಿಯಲ್ಲಿ ಉಳಿದದ್ದನ್ನೂ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದಿಲ್ಲ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಲಿವರನ್ನು ಬಲವಾಗಿ ಅದುಮಿ ಒಂದು ನಿಮಿಷ ಹಿಡಿದುಕೊಳ್ಳಿ. ನಿಧಾನಕ್ಕೆ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಸವೆದಿದೆ. ನಾಲ್ಕೂ ನಿಪ್ಪಲ್‌ಗೆ ಒಣ ಕಾಗದ ಒತ್ತಿ ನೋಡಿ. ಡಿಸ್ಕಿಗೆ ಆಯಿಲ್ ತಾಗಿದ್ದರೆ ಆಲ್ಕೋಹಾಲಿನಲ್ಲಿ ಒರೆಸಿ, ಪ್ಯಾಡಿಗೆ ನೆನೆದಿದ್ದರೆ ಪ್ಯಾಡ್ ಬದಲಿಸಿ. ಆಮೇಲೆ ಕಣದ ಸಮತಟ್ಟಿನಲ್ಲಿ ನಡೆಯುವ ವೇಗದಲ್ಲಿ ಓಡಿಸಿ ನಿಲ್ಲಿಸುವುದು. ನಂತರ ಖಾಲಿ ಗಾಡಿಯಲ್ಲಿ ಚಿಕ್ಕ ಇಳಿಜಾರು, ಲೋ ಗೇರಿನಲ್ಲಿ. ಕೆಳಗೆ ಬಂದು ಇಳಿದು, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ಬಿಸಿ ಹೋಲಿಸುವುದು. ಮುಂದಿನ ಎರಡು ಹೆಚ್ಚು ಬಿಸಿ ಇರುತ್ತವೆ, ಅದು ಸರಿ. ಆದರೆ ಎಡ ಮತ್ತು ಬಲ ಒಂದೇ ಸಮ ಇರಬೇಕು.

ನಾನು ಡಬ್ಬಿಯ ಪಕ್ಕ ಒಂದು ಟೇಪ್ ಅಂಟಿಸಿ ತಿಂಗಳು, ವರ್ಷ, 'ಡಾಟ್ 4' ಅಂತ ಪರ್ಮನೆಂಟ್ ಪೆನ್ನಿನಲ್ಲಿ ಬರೆಯುತ್ತೇನೆ. ಗಾಡಿ ಓಡಿಸುವ ನಾಲ್ಕೂ ಜನಕ್ಕೆ ಅದನ್ನು ತೋರಿಸಿದ್ದೇನೆ. ಆ ವರ್ಷ ಹಳೆಯದಾಗಿದ್ದರೆ ಮೂಟೆ ಹೇರುವುದಿಲ್ಲ ಅನ್ನುವ ಹಕ್ಕು ಅವರಿಗಿದೆ, ನನ್ನನ್ನು ಕೇಳಬೇಕಾಗಿಲ್ಲ.